ಆಕಾಶದಿಂದಿಳಿಯುವ ವಿದ್ಯುತ್ಕಣಗಳು

ವನಗೂರಿನಂತಹ ಮಲೆನಾಡಿನ ಊರುಗಳಲ್ಲಿ ರೇಡಿಯೋ ಕೇಳಿ ಬಲ್ಲ ಹಿರಿಯರಿಗೆ ಒಂದು ವಿಚಿತ್ರವು ಅನುಭವಸಿದ್ಧವಾಗಿದೆ. ಹಗಲಿನಲ್ಲಿ ಎಷ್ಟು ತಿರುವಿದರೂ ದೊರೆಯದ ದೂರದ ನಿಲಯಗಳು, ರಾತ್ರಿಯ ಊಟವಾಗುವ ಹೊತ್ತಿಗೆ ತಾವಾಗಿಯೇ ಕೇಳಿಸತೊಡಗುವುವು. ಇದು ಯಂತ್ರದ ಗುಣವಲ್ಲ. ನಮ್ಮ ತಲೆಯ ಮೇಲಿರುವ ಆಕಾಶದ ಗುಣ.

ನೆಲದಿಂದ ಸುಮಾರು 60 ಕಿಲೋಮೀಟರಿನಿಂದಾಚೆಗೆ ವಾಯುವು ಅತಿ ವಿರಳವಾಗಿರುವುದು. ಅಲ್ಲಿ ಸೂರ್ಯನ ಅತಿನೇರಳೆ ಕಿರಣಗಳೂ ಕ್ಷ-ಕಿರಣಗಳೂ ವಾಯುವಿನ ಅಣುಗಳನ್ನು ತಾಡಿಸಿ, ಅವುಗಳೊಳಗಿನ ಎಲೆಕ್ಟ್ರಾನುಗಳೆಂಬ ಋಣವಿದ್ಯುತ್ಕಣಗಳನ್ನು ಬೇರ್ಪಡಿಸುವುವು. ಕಣವನ್ನು ಕಳೆದುಕೊಂಡ ಅಣುವಿಗೆ ಅಯಾನೆಂದು ಹೆಸರು. ಇಂಥವುಗಳಿರುವ ಪ್ರದೇಶವೇ ಅಯಾನಮಂಡಲ. ಇದರ ಕೆಳಪದರವು ರೇಡಿಯೋ ಅಲೆಗಳನ್ನು ಹೀರುವುದು. ಮೇಲಿನ ಪದರಗಳು ಅವನ್ನು ಭೂಮಿಗೆ ಹಿಂದಿರುಗಿಸುವುವು. ರಾತ್ರಿಯಲ್ಲಿ ಕೆಳಪದರವು ಬಹುಮಟ್ಟಿಗೆ ಕರಗಿಹೋಗುವುದರಿಂದಲೇ ದೂರದ ಧ್ವನಿಯು ನಮ್ಮನ್ನು ಮುಟ್ಟುವುದು.

ಈ ಕಾರ್ಯವನ್ನು ಬೆಳಕೊಂದೇ ಮಾಡುವುದೆಂದು ತಿಳಿಯಬಾರದು. ಭೂಮಿಯ ಸುತ್ತಲೂ ವೇಗಶಾಲಿಗಳಾದ ಎಲೆಕ್ಟ್ರಾನುಗಳ ವಲಯಗಳಿರುವುವೆಂದು 1958ರಲ್ಲಿ ಅಮೆರಿಕದ ವ್ಯಾನ್ ಅಲೆನ್ ಎಂಬ ಪಂಡಿತನು ಕಂಡುಹಿಡಿದನು. ಸೂರ್ಯನಲ್ಲಿ ಕ್ಷೋಭೆಯುಂಟಾದಾಗ ಇವುಗಳಲ್ಲಿ ಕೆಲವು ವಾಯುಮಂಡಲಕ್ಕೆ ಇಳಿಯುವುವು. ಇವುಗಳ ಶಕ್ತಿಯನ್ನು ಎಲೆಕ್ಟ್ರಾನ್ ವೋಲ್ಟ್ ಎಂಬ ಮಾನದಿಂದ ಅಳೆಯುವರು. ಒಂದು ಅಯಾನಿನ ಉತ್ಪತ್ತಿಗೆ ಸರಾಸರಿ 35 ವೋಲ್ಟುಗಳಷ್ಟು ವೆಚ್ಚವಾಗುವುದು. ಲಕ್ಷ ವೋಲ್ಟಿನ ಧನಿಕ ಕಣವೊಂದು, ಜಾತ್ರೆಯಲ್ಲಿ ದಾನಮಾಡುತ್ತ ನಡೆವ ಉದಾರಿಯಂತೆ, ಸುಮಾರು 3000 ಅಯಾನುಗಳನ್ನುಂಟುಮಾಡಿ, 80 ಕಿಲೋಮೀಟರ್ ಎತ್ತರದಲ್ಲಿ ಬರಿಗೈಯಾಗಿ ನಿಲ್ಲುವುದು.

ಇವು ನಮ್ಮ ಬೆಟ್ಟಗಳ ಮೇಲೇಕೆ ಬೀಳುವುದಿಲ್ಲ? ಭೂಮಿಯು ದೊಡ್ಡದೊಂದು ಅಯಸ್ಕಾಂತ. ವಿದ್ಯುತ್ಕಣಗಳು ಅದರ ಕಾಂತರೇಖೆಗಳನ್ನನುಸರಿಸಿಯೇ ಸಂಚರಿಸುವುವು. ಆ ರೇಖೆಗಳು ದಕ್ಷಿಣಭಾರತದಲ್ಲಿ ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿದ್ದು, ಧ್ರುವಗಳ ಬಳಿ ಮಾತ್ರ ಕೆಳಕ್ಕಿಳಿಯುವುವು. ಆದಕಾರಣ ಅಲ್ಲಿ ಧ್ರುವಪ್ರಭೆಯು ಕಾಣುವುದು. ಸೂರ್ಯನಿಲ್ಲದ ರಾತ್ರಿಯಲ್ಲಿಯೂ ಕೆಳಪದರವು ಬೆಳೆದು, ಆ ಮಾರ್ಗದ ವಿಮಾನಗಳ ರೇಡಿಯೋ ಮೌನವಾಗುವುದೂ ಉಂಟು. 2024ರ ಮೇ 10ರ ರಾತ್ರಿಯ ಮಹಾಕ್ಷೋಭೆಯಲ್ಲಿ ಲಡಾಖಿನ ಹಾನ್ಲೆಯಲ್ಲಿಯೂ ಕೆಂಪು ಪ್ರಭೆಯು ಕಂಡಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿರುವುದು ಅಲ್ಲಿಯೇ.

ಹಾಗಾದರೆ ನಮಗೆ ಇದರಿಂದ ಬಾಧೆಯೇ ಇಲ್ಲವೆ? ಉಂಟು. ನಮ್ಮ ಹಾಸನದಲ್ಲಿಯೇ 1982ರಿಂದ ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರವಿದೆ. ಅದು ನಡೆಸುವ ಉಪಗ್ರಹಗಳು 36,000 ಕಿಲೋಮೀಟರ್ ಎತ್ತರದಲ್ಲಿ, ಆ ಕಣವಲಯದೊಳಗೇ ಇರುವುವು. 1994ರ ಜನವರಿಯಲ್ಲಿ ಕೆನಡಾ ದೇಶದ ಆನಿಕ್ ಎಂಬ ಎರಡು ಉಪಗ್ರಹಗಳೊಳಗೆ ಇಂಥ ಕಣಗಳು ಹೊಕ್ಕು, ಸಂಚಯವಾಗಿ, ಕಿಡಿಯಾಗಿ ಸಿಡಿದುವು, ಉಪಗ್ರಹಗಳು ದಿಕ್ಕುಗೆಟ್ಟುವು. ಒಂದು ಕೆಲವೇ ಗಂಟೆಗಳಲ್ಲಿ ಸರಿಹೋಯಿತು. ಇನ್ನೊಂದಕ್ಕೆ ತಿಂಗಳುಗಳೇ ಹಿಡಿದುವು.

ಕಾಫಿ ಏಲಕ್ಕಿಗಳ ಗೃಹಸ್ಥನು ಇಂದು ಮಳೆಯ ಮುನ್ಸೂಚನೆಗಾಗಿ ನೋಡುವ ಮೋಡಗಳ ಚಿತ್ರವು ಅಂಥ ಉಪಗ್ರಹಗಳಿಂದಲೇ ಬರುವುದು. ಭೂಮಾತೆಯು ತನ್ನ ಕಾಂತಶಕ್ತಿಯಿಂದ ನಮ್ಮ ಮನೆಯ ಸೂರನ್ನು ಕಾಪಾಡಿರುವಳು. ಆದರೆ ಆ ರಕ್ಷೆಯನ್ನು ದಾಟಿ ನಾವು ಮೇಲಕ್ಕೆ ಕಳುಹಿಸಿದುದನ್ನು ಕಾಪಾಡಿಕೊಳ್ಳುವ ಹೊಣೆಯು ನಮ್ಮದೇ.