ಕಫದಲ್ಲಿ ‘ಫಂಗಸ್’ ಬಂದರೆ ಎದೆಯ ರೋಗವೇ?

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆ ಗೋವಿನಜೋಳದ ರಾಶಿ ಮಳೆಗೆ ತೋಯ್ದರೆ ಬೂಸ್ಟು ಹಿಡಿಯುವುದು ಹೊಸದಲ್ಲ. ಆ ಧೂಳಿನಲ್ಲಿ ಆಡಿದ ಕೂಸಿಗೆ ಕೆಮ್ಮು ಹತ್ತಿದರೆ ‘ಎದ್ಯಾಗ ಬೂಸ್ಟು ಕುಂತೈತಿ’ ಎಂಬ ಅಂಜಿಕೆ ಹುಟ್ಟುತ್ತದೆ. ಆದರೆ ಆಸ್ಪರ್ಜಿಲಸ್‌ನಂಥ ಶಿಲೀಂಧ್ರಗಳ (ಫಂಗಸ್) ಕಣಗಳನ್ನು ನಾವೆಲ್ಲ ದಿನವೂ ಉಸಿರಾಡುತ್ತೇವೆ. ಆರೋಗ್ಯವಂತ ಮಗುವಿನ ಶ್ವಾಸಕೋಶ ಅವನ್ನು ಅಲ್ಲೇ ನಾಶಮಾಡುತ್ತದೆ. ನಿಜವಾದ ಅಪಾಯ ಇರುವುದು ರಕ್ತದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿರುವ, ಬಹುಕಾಲ ಸ್ಟಿರಾಯ್ಡ್ ನುಂಗಿದ, ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಕುಂದಿದ ಮಕ್ಕಳಿಗೆ.

‘ಎಕ್ಸ್‌ರೇ ತೆಗೆಸಿದರೆ ತಿಳಿಯುತ್ತದೆ’ ಎನ್ನುವುದೂ ಸರಿಯಲ್ಲ. ಎಕ್ಸ್‌ರೇ ಕಲೆಯನ್ನಷ್ಟೇ ತೋರಿಸುತ್ತದೆ, ಅದು ಕ್ಷಯದ್ದೋ ಶಿಲೀಂಧ್ರದ್ದೋ ಖಚಿತವಾಗಿ ಹೇಳದು. ಕ್ಷಯಕ್ಕೆಂದು ಮಾಡುವ ಸಿಬಿನಾಟ್ ಪರೀಕ್ಷೆ ಶಿಲೀಂಧ್ರವನ್ನು ಹುಡುಕುವುದೇ ಇಲ್ಲ.

ಹೆಚ್ಚು ಕಾಡುವ ತಪ್ಪು ಕಲ್ಪನೆ ಕಫದ ರಿಪೋರ್ಟಿನದು. ‘ಕ್ಯಾಂಡಿಡಾ ಬೆಳೆದಿದೆ’ ಎಂದು ಬರೆದಿದ್ದರೆ ಮನೆಮಂದಿ ಕಂಗಾಲಾಗುತ್ತಾರೆ. ಕ್ಯಾಂಡಿಡಾ ಎಂಬ ಈ ಶಿಲೀಂಧ್ರ ಆರೋಗ್ಯವಂತರ ಬಾಯಿ, ಗಂಟಲಲ್ಲೂ ಇರುತ್ತದೆ. ಸಣ್ಣ ಮಕ್ಕಳು ಕಫ ಉಗುಳದೆ ನುಂಗಿಬಿಡುವುದರಿಂದ ಡಬ್ಬಿಗೆ ಬೀಳುವುದು ಬಹಳ ಸಲ ಬರೀ ಜೊಲ್ಲು. ಅದಕ್ಕೇ ಸಂಶಯ ಬಲವಾಗಿದ್ದರೆ ವೈದ್ಯರು ಬ್ರಾಂಕೋಸ್ಕೋಪಿ ಮಾಡಿ, ಶ್ವಾಸನಾಳದೊಳಗೆ ಸಲೈನ್ ಬಿಟ್ಟು ಆ ದ್ರವವನ್ನೇ ಹೀರಿ ತೆಗೆಯುತ್ತಾರೆ. ಆ ದ್ರವಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಡಿ ನೋಡಿದಾಗ ಆಸ್ಪರ್ಜಿಲಸ್‌ನ ಎಳೆಗಳು ಸಣ್ಣಗೆ, ಗಂಟುಗಂಟಾಗಿ, ಸುಮಾರು 45 ಡಿಗ್ರಿ ಕೋನದಲ್ಲಿ ಕವಲೊಡೆದಿರುತ್ತವೆ. ಮ್ಯೂಕರ್ ಎಂಬ ಇನ್ನೊಂದು ಶಿಲೀಂಧ್ರ ಗುಂಪಿನವು ಪಟ್ಟಿಯಂತೆ ಅಗಲ. ಈ ವ್ಯತ್ಯಾಸ ಜೀವ ಉಳಿಸುವಂಥದ್ದು. ಆಸ್ಪರ್ಜಿಲಸ್‌ಗೆ ಕೊಡುವ ವೊರಿಕೊನಜೋಲ್ ಮ್ಯೂಕರ್ ಮೇಲೆ ಕೆಲಸ ಮಾಡದು, ಅದಕ್ಕೆ ಆಂಫೊಟೆರಿಸಿನ್ ಬೇಕು.

‘ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ, ಅಂದರೆ ರೋಗವಿಲ್ಲ’ ಎಂದೂ ನಿರಾಳರಾಗುವಂತಿಲ್ಲ. ಆಸ್ಪರ್ಜಿಲಸ್ ಕೆಲವೇ ದಿನಗಳಲ್ಲಿ ಬೆಳೆದೀತು, ಕೆಲವು ಶಿಲೀಂಧ್ರಗಳಿಗೆ ವಾರಗಳೇ ಬೇಕು. ನ್ಯುಮೋಸಿಸ್ಟಿಸ್ ಎಂಬ ಶಿಲೀಂಧ್ರ ಮಾಮೂಲಿ ಕಲ್ಚರ್‌ನಲ್ಲಿ ಬೆಳೆಯುವುದೇ ಇಲ್ಲ. ಅದಕ್ಕೆ ವಿಶೇಷ ಬಣ್ಣ ಹಚ್ಚಿ ನೋಡಬೇಕು, ಇಲ್ಲವೇ ಪಿಸಿಆರ್ ಮಾಡಬೇಕು.

ರಕ್ತಪರೀಕ್ಷೆ ಒಂದೇ ಸಾಕೇ? ಆಸ್ಪರ್ಜಿಲಸ್ ಹುಡುಕುವ ಗ್ಯಾಲಕ್ಟೋಮ್ಯಾನನ್ ಪರೀಕ್ಷೆ ಬಿಳಿ ರಕ್ತಕಣ ತೀರಾ ಕುಸಿದ ಮಕ್ಕಳಲ್ಲಿ ಉಪಯುಕ್ತ, ಆದರೆ ಶಿಲೀಂಧ್ರದ ಔಷಧ ಮೊದಲೇ ಶುರುವಾಗಿದ್ದರೆ ಅದು ರೋಗವನ್ನು ಹಿಡಿಯದೆಯೂ ಹೋಗಬಹುದು. ಬೀಟಾ ಗ್ಲುಕನ್ ಎಂಬ ಇನ್ನೊಂದು ರಕ್ತಪರೀಕ್ಷೆ ಮ್ಯೂಕರನ್ನು ಗುರುತಿಸುವುದಿಲ್ಲ, ಅದರ ಫಲಿತಾಂಶ ಅಳೆಯುವ ಮಿತಿ ಅಂಕಿಗಳೂ ದೊಡ್ಡವರನ್ನು ನೋಡಿ ಗೊತ್ತುಮಾಡಿದವು. ಹಾಗಾಗಿ ಹಾವೇರಿಗೋ ಹುಬ್ಬಳ್ಳಿಗೋ ಮಗುವನ್ನು ಕರೆದೊಯ್ಯುವಾಗ ಹಳೆಯ ಔಷಧಿ ಚೀಟಿಗಳನ್ನೆಲ್ಲ ಒಯ್ಯಿರಿ, ಸ್ಟಿರಾಯ್ಡ್ ಕೊಟ್ಟಿದ್ದರೆ ಎಷ್ಟು ದಿನ ಎಂದು ಮರೆಯದೆ ಹೇಳಿರಿ.