ಕಬ್ಬಿನ ಟ್ರ್ಯಾಕ್ಟರ್ ದಾಟೋಕೆ ಎಷ್ಟು ಪವರ್ ಬೇಕು?

ಕಬ್ಬಿನ ಸೀಸನ್ ಶುರುವಾಯ್ತು ಅಂದ್ರೆ ನಮ್ಮ ಹಿಪ್ಪರಗಿ ಸುತ್ತಿನ ರಸ್ತೆಗಳೆಲ್ಲ ಟ್ರ್ಯಾಕ್ಟರ್‌ಗಳದ್ದೇ. ಎರಡೆರಡು ಟ್ರೇಲರ್ ಎಳ್ಕೊಂಡು ಹೋಗೋ ಅವನ್ನ ದಾಟೋದೇ ಒಂದು ಪರೀಕ್ಷೆ. ಕಳೆದ ರಜೆಗೆ ಊರಿಗೆ ಹೋದಾಗ ಮಾವ ತಮ್ಮ ಹಳೇ ಟರ್ಬೊ ಡೀಸೆಲ್ ಕಾರಿನ ಪಕ್ಕ ನಿಂತು ಕೇಳಿದ್ರು: "ಗಾಡಿ ಮೊದ್ಲಿನಂಗ ಎಳೀವಲ್ದಪಾ. ಟ್ಯೂನಿಂಗ್ ಬಾಕ್ಸ್ ಹಾಕ್ಸಿದ್ರ ಪವರ್ ಬರ್ತೈತಂತ. ನೀ ಎಂಜಿನಿಯರಿಂಗ್ ಓದಾಕತ್ತೀ, ಹೇಳು, ಹಾಕ್ಸಲೋ ಬ್ಯಾಡೋ?"

ಡೀಸೆಲ್ ಸೈಕಲ್‌ನ ಪಿ-ವಿ ಡಯಾಗ್ರಾಮ್ ಬರೆದು ಪಾಸಾದ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆಮೇಲೆ ಕೂತು ಲೆಕ್ಕ ಹಾಕಿದೆ.

ಡೀಸೆಲ್ ಎಂಜಿನ್‌ನಲ್ಲಿ ಪವರ್ ನಿರ್ಧಾರ ಆಗೋದು ಮುಖ್ಯವಾಗಿ ಎಷ್ಟು ಇಂಧನ ಸಿಂಪಡಿಸುತ್ತೇವೆ ಎಂಬುದರಿಂದ. ಒಳಗೆ ಬಂದ ಗಾಳಿ ಎಷ್ಟು ಅಂತ ನೋಡಿ ಇಸಿಯು ಅದಕ್ಕೊಂದು ಮಿತಿ ಹಾಕುತ್ತದೆ. ರೀಮ್ಯಾಪ್ ಮಾಡಿದರೆ ಆ ಮಿತಿಯ ಕೋಷ್ಟಕಗಳೇ ಬದಲಾಗುತ್ತವೆ. ಅಗ್ಗದ ಬಾಕ್ಸ್ ಮಾಡೋದು ಇನ್ನೂ ಸರಳ: ಸುಳ್ಳು ಹೇಳುತ್ತದೆ. ಕಾಮನ್ ರೈಲ್‌ನಲ್ಲಿ ಒತ್ತಡ ಇರೋದಕ್ಕಿಂತ ಕಡಿಮೆ ಇದೆ ಎಂದು ಇಸಿಯುಗೆ ತೋರಿಸುತ್ತದೆ. ಇಸಿಯು ಒತ್ತಡ ಏರಿಸುತ್ತದೆ, ಅಷ್ಟೇ ಸಮಯದಲ್ಲಿ ಹೆಚ್ಚು ಡೀಸೆಲ್ ಒಳಗೆ ಹೋಗುತ್ತದೆ.

ಇದರ ಬೆಲೆ ಏನು? ನಮ್ಮ ರಸ್ತೆಗಳಲ್ಲಿ ತುಂಬಾ ಕಾಣುವ ಸ್ವಿಫ್ಟ್ ಡೀಸೆಲ್ ತಗೊಳ್ಳಿ. ಫಿಯೆಟ್ ವಿನ್ಯಾಸದ 1248 ಸಿಸಿ ಎಂಜಿನ್, 75 ಪಿಎಸ್, 190 ನ್ಯೂಟನ್ ಮೀಟರ್ ಟಾರ್ಕ್. ಟಾರ್ಕ್ ಅನ್ನು 4π ಯಿಂದ ಗುಣಿಸಿ ಸಿಲಿಂಡರ್‌ಗಳ ಒಟ್ಟು ಗಾತ್ರದಿಂದ ಭಾಗಿಸಿದರೆ ಸರಾಸರಿ ಪರಿಣಾಮಕಾರಿ ಒತ್ತಡ ಸಿಗುತ್ತದೆ: ಸುಮಾರು 19 ಬಾರ್. ಟ್ಯೂನ್ ಮಾಡಿ 240 ನ್ಯೂಟನ್ ಮೀಟರ್ ತೆಗೆದರೆ 24 ಬಾರ್. ಪಿಸ್ಟನ್, ಬೇರಿಂಗ್, ಕ್ಲಚ್ ಎಲ್ಲ ಹಳೆಯವೇ, ಹೊರೆ ಮಾತ್ರ ಕಾಲು ಭಾಗ ಜಾಸ್ತಿ.

ಇದೇ ಎಂಜಿನ್‌ನ 90 ಪಿಎಸ್ ರೂಪವೂ ಬಂತು, ಸಿಯಾಜ್, ಎರ್ಟಿಗಾದಲ್ಲಿ. ಆದರೆ ಅದಕ್ಕೆ ಹಾಕಿದ್ದು ಬೇರೆಯೇ ಟರ್ಬೊ, ವೇರಿಯಬಲ್ ಜಾಮೆಟ್ರಿಯದ್ದು. ಅಷ್ಟಾದರೂ ಟಾರ್ಕ್ ಏರಿದ್ದು 200ಕ್ಕೆ ಮಾತ್ರ. ಬರೀ ಸಾಫ್ಟ್‌ವೇರ್ ಸಾಕಾಗಿದ್ದರೆ ಟರ್ಬೊ ಬದಲಿಸುವ ಖರ್ಚು ಯಾಕೆ?

ಕಂಪನಿ ಬಿಟ್ಟಿರೋ ಆ ಅಂತರ ವ್ಯರ್ಥವಲ್ಲ, ಬೇಸಿಗೆಗೆ ಇಟ್ಟ ಉಳಿತಾಯ. 25 ಡಿಗ್ರಿಗೆ ಹೋಲಿಸಿದರೆ 42 ಡಿಗ್ರಿಯಲ್ಲಿ ಗಾಳಿಯ ಸಾಂದ್ರತೆ ಸುಮಾರು 5 ಶೇಕಡಾ ಕಡಿಮೆ. ಏಪ್ರಿಲ್ ಮಧ್ಯಾಹ್ನ ನಮ್ಮ ಕಡೆ ಇರೋದೇ ಹಾಗೆ, ಮೇಲೆ ಧೂಳು ಬೇರೆ. ಗಾಳಿ ಕಡಿಮೆ, ಡೀಸೆಲ್ ಜಾಸ್ತಿ ಆದರೆ ಕಪ್ಪು ಹೊಗೆ ಬರುತ್ತದೆ, ಎಕ್ಸಾಸ್ಟ್ ತಾಪ ಏರುತ್ತದೆ. ಮಸಿ ಆಯಿಲ್‌ಗೂ ಸೇರುತ್ತದೆ. ಸಣ್ಣ ಟರ್ಬೊದ ಶಾಫ್ಟ್ ನಿಮಿಷಕ್ಕೆ 2 ಲಕ್ಷ ಸುತ್ತು ತಿರುಗೋದು ಅದೇ ಆಯಿಲ್‌ನ ತೆಳು ಪದರದ ಮೇಲೆ. ಇದ್ಯಾವುದೂ ಮೊದಲ ದಿನ ಕಾಣಲ್ಲ. ಮೊದಲ ದಿನ ಗಾಡಿ ಮಸ್ತ್ ಓಡುತ್ತೆ, ಮೋಸ ಹೋಗೋದೇ ಅಲ್ಲಿ.

ಮಾವನ ಕಾರಿನ ಬಾನೆಟ್ ಎತ್ತಿದೆವು. ಏರ್ ಫಿಲ್ಟರ್ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗೋ ರಬ್ಬರ್ ಪೈಪಿನ ಬುಡದಲ್ಲಿ ಆಯಿಲ್ ಕಲೆ, ಒರೆಸಿ ನೋಡಿದರೆ ಸೀಳು. ಟರ್ಬೊ ಒತ್ತಿದ ಗಾಳಿ ಅಲ್ಲೇ ಸೋರ್ತಿತ್ತು. ಎರಡನ್ನೂ ಬದಲಿಸಿದ ಮೇಲೆ ಗಾಡಿ ಮೊದಲಿನಂತೆ ಎಳೆಯಿತು. ಆ ಸೀಳು ಪೈಪಿನ ಜೊತೆ ಬಾಕ್ಸ್ ಹಾಕಿಸಿದ್ದರೆ, ಸೋರುವ ಗಾಳಿಗೆ ಇನ್ನಷ್ಟು ಡೀಸೆಲ್ ಸುರಿದಂತಾಗುತ್ತಿತ್ತು.

ಹಾಗಾಗಿ ಟ್ಯೂನಿಂಗ್ ಯೋಚನೆ ಇದ್ದರೆ ಮೊದಲು ಫಿಲ್ಟರ್, ಪೈಪು, ಇಂಜೆಕ್ಟರ್, ಆಯಿಲ್ ನೋಡಿಸಿ. ಧೂಳಿನ ಕಾಲದಲ್ಲಿ ಆಯಿಲ್, ಫಿಲ್ಟರ್ ಬೇಗ ಬದಲಿಸಿ. ಜೋರಾಗಿ ಓಡಿಸಿ ನಿಲ್ಲಿಸಿದಾಗ ಒಂದು ನಿಮಿಷ ಐಡಲ್‌ನಲ್ಲಿ ಬಿಡಿ. ಆಮೇಲೂ ಟ್ಯೂನ್ ಬೇಕೇ ಬೇಕು ಅನ್ನಿಸಿದರೆ, ರೆಡಿಮೇಡ್ ಫೈಲ್ ಬೇಡ. ನಿಮ್ಮ ಕಾರಿನಲ್ಲೇ ಬೂಸ್ಟ್, ಎಕ್ಸಾಸ್ಟ್ ತಾಪ ಅಳೆದು ಮಾಡುವವರ ಹತ್ತಿರ ಹೋಗಿ. ಹೊಸ ಗಾಡಿಯಾದರೆ ವಾರಂಟಿಯ ಆಸೆ ಬಿಡಬೇಕಾದೀತು.

ಕೊನೆಗೆ ಮಾವ ಅಂದ್ರು: "ಹಂಗಾರ ಬಾಕ್ಸಿನ ರೊಕ್ಕ ಉಳೀತಲ್ಲ!"

"ಅದ್ರಾಗ ಮೊದ್ಲ ಆಯಿಲ್ ಬದಲಿ ಮಾಡಸ್ರಿ ಮಾವಾ" ಅಂದೆ.