ಬೆಳ್ಳಿತೆರೆಯ ಬಲಭೀಮರು

ತನಗಿಲ್ಲದ ಶಕ್ತಿಯನ್ನು ಕಲ್ಪಿಸಿಕೊಂಡು ಹಿಗ್ಗುವುದು ಮಾನವನ ಹುಟ್ಟುಗುಣ. ಸಮುದ್ರವನ್ನು ಹಾರಿದ ಹನುಮಂತನ ಕಥೆಯನ್ನೂ ಬಕಾಸುರನನ್ನು ಕೊಂದ ಭೀಮನ ಕಥೆಯನ್ನೂ ಅಜ್ಜಿಯರ ಬಾಯಿಂದ ಕೇಳಿ ಬೆಳೆದವರು ನಾವು. ಇಂದು ಕಥೆ ಹೇಳುವ ಹಿರಿಯರು ಮನೆಗಳಲ್ಲಿ ವಿರಳರಾಗಿದ್ದಾರೆ. ಅವರು ತೆರವು ಮಾಡಿದ ಜಾಗದಲ್ಲಿ ಸ್ಪೈಡರ್‌ಮ್ಯಾನ್, ಐರನ್ ಮ್ಯಾನ್, ಬ್ಯಾಟ್‌ಮ್ಯಾನ್ ಮೊದಲಾದವರು ಬಂದು ಕುಳಿತಿದ್ದಾರೆ. ಮಕ್ಕಳ ಅಂಗಿಯ ಮೇಲೆ, ಪಾಟಿಚೀಲದ ಮೇಲೆ, ನೀರಿನ ಬಾಟಲಿಯ ಮೇಲೆ ಅವರದೇ ಚಿತ್ರ.

ಕೆಲವು ಕಾಲದ ಹಿಂದೆ ಶಾಲೆಯೊಂದರ ಪಾಲಕರ ಸಭೆಯಲ್ಲಿ ಮಾತನಾಡುವಾಗ ನಾವು ಈ ಚಿತ್ರಗಳನ್ನು ಕಟುವಾಗಿ ಖಂಡಿಸಿದೆವು. ಇವು ಮಕ್ಕಳ ಬುದ್ಧಿಯನ್ನು ಕೆಡಿಸುತ್ತವೆ, ಹಿಂಸೆಯನ್ನು ಕಲಿಸುತ್ತವೆ ಎಂದು ಮುಕ್ಕಾಲು ಗಂಟೆ ಹೇಳಿದಾಗ ಸಭಿಕರು ಚಪ್ಪಾಳೆ ತಟ್ಟಿದರು. ಮನೆಗೆ ಮರಳುವ ದಾರಿಯಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುವ ನಮ್ಮ ಮೊಮ್ಮಗ ಕೇಳಿದ: "ಅಜ್ಜಾರ, ನೀವು ಇದರಾಗ ಯಾವ ಪಿಕ್ಚರ್ ನೋಡೀರಿ?"

ನಾವು ಒಂದನ್ನೂ ನೋಡಿರಲಿಲ್ಲ. ಮಠದ ಪಾಠಶಾಲೆಯಲ್ಲಿ ತರ್ಕ ಓದುವಾಗ ಮೊದಲು ಕಲಿತ ಪಾಠವೆಂದರೆ, ಪೂರ್ವಪಕ್ಷವನ್ನು ಸರಿಯಾಗಿ ತಿಳಿಯದೆ ಖಂಡನೆಗೆ ಹೊರಡಬಾರದು ಎಂಬುದು. ಅರವತ್ತು ದಾಟಿದ ಮೇಲೆ ಆ ಪಾಠವನ್ನೇ ಮರೆತಿದ್ದೆವು. ಅಂದು ರಾತ್ರಿ ನಮಗೆ ಬಾಲ್ಯದ ಒಂದು ಸಂಗತಿ ನೆನಪಾಯಿತು. 1972ರಲ್ಲಿ ತೆರೆಕಂಡ 'ಬಂಗಾರದ ಮನುಷ್ಯ' ನಮ್ಮೂರಿನ ಟೂರಿಂಗ್ ಟಾಕೀಸಿಗೆ ಬಂದಾಗ ನಾವು ಮೂವರು ವಿದ್ಯಾರ್ಥಿಗಳು ಮಠದಿಂದ ಕದ್ದು ಹೋಗಿ ನೋಡಿ ಸಿಕ್ಕಿಬಿದ್ದೆವು. ಗುರುಗಳು ಬೈಯಲಿಲ್ಲ. ಮರುದಿನ ಬೆಳಿಗ್ಗೆ ಎದುರಿಗೆ ಕೂಡ್ರಿಸಿಕೊಂಡು ಕಥೆಯನ್ನೆಲ್ಲ ಹೇಳಿಸಿದರು. "ಅಷ್ಟು ದುಡಿದವನು ಕೊನೆಗೆ ಊರು ಬಿಟ್ಟು ಹೋದದ್ದು ಸರಿಯೇನು?" ಎಂದು ಕೇಳಿ, ಉತ್ತರಿಸುವವರೆಗೆ ಏಳಗೊಡಲಿಲ್ಲ. ಅವರ ಶಿಷ್ಯರಾದ ನಾವು ನೋಡದೆಯೇ ತೀರ್ಪು ಕೊಟ್ಟಿದ್ದೆವು.

ಆದ್ದರಿಂದ ರಜೆಯ ದಿನಗಳಲ್ಲಿ ಮೊಮ್ಮಗನನ್ನೇ ಗುರುವಾಗಿಸಿಕೊಂಡು, ಕೆಲವನ್ನು ಚಿತ್ರಮಂದಿರದಲ್ಲಿಯೂ ಹೆಚ್ಚಿನವನ್ನು ಮನೆಯ ದೂರದರ್ಶನದ ಪರದೆಯ ಮೇಲೂ ನೋಡಿದೆವು. ನಾವು ಚಲನಚಿತ್ರದ ವಿಮರ್ಶಕರಲ್ಲ. ಸಾಮಾನ್ಯ ಪ್ರೇಕ್ಷಕನಾಗಿ ಕಂಡದ್ದನ್ನು ವಾಚಕರ ಮುಂದಿಡುತ್ತಿದ್ದೇವೆ.

ಹುಟ್ಟಿದ ಬಗೆ

ವಿಜ್ಞಾನದ ಕಲ್ಪನೆಗೂ ಸಿನಿಮಾಕ್ಕೂ ಇರುವ ನಂಟು ಸಿನಿಮಾದಷ್ಟೇ ಹಳೆಯದು. ಫ್ರಾನ್ಸ್ ದೇಶದ ಜಾರ್ಜ್ ಮೆಲಿಯೆಸ್ 1902ರಷ್ಟು ಹಿಂದೆಯೇ ಚಂದ್ರಲೋಕದ ಯಾತ್ರೆಯನ್ನು ತೆರೆಯ ಮೇಲೆ ತೋರಿಸಿದ್ದ. ಮನುಷ್ಯನು ನಿಜವಾಗಿ ಚಂದ್ರನ ಮೇಲೆ ಕಾಲಿಟ್ಟದ್ದು 1969ರಲ್ಲಿ.

ಮಹಾಬಲರ ಕಥೆಯ ಮೂಲ ಅಮೆರಿಕದ ಚಿತ್ರಕಥಾ ಪುಸ್ತಕಗಳಲ್ಲಿದೆ. ಜೆರ್ರಿ ಸೀಗೆಲ್ ಮತ್ತು ಜೋ ಶೂಸ್ಟರ್ ಎಂಬ ಇಬ್ಬರು ತರುಣರು ಸೃಷ್ಟಿಸಿದ ಸೂಪರ್‌ಮ್ಯಾನ್ 1938ರಲ್ಲಿ ಮೊದಲು ಪ್ರಕಟವಾದ. ವಲಸೆ ಬಂದ ಬಡ ಯಹೂದಿ ಕುಟುಂಬಗಳ ಮಕ್ಕಳು ಅವರು. ಆ ಪಾತ್ರದ ಹಕ್ಕನ್ನು ಅವರು ಮಾರಿಕೊಂಡದ್ದು ಕೇವಲ 130 ಡಾಲರಿಗೆ! ಅದರಿಂದ ಇತರರು ಕೋಟಿಗಟ್ಟಲೆ ಗಳಿಸಿದರು; ಸೃಷ್ಟಿಕರ್ತರು ವೃದ್ಧಾಪ್ಯದಲ್ಲಿ ಕಷ್ಟಪಟ್ಟರು. ದೀರ್ಘ ಹೋರಾಟದ ನಂತರ 1975ರಲ್ಲಿ ಅವರಿಗೆ ವರ್ಷಾಶನ ದೊರೆಯಿತು. ದುರ್ಬಲರನ್ನು ಕಾಪಾಡುವ ವೀರನನ್ನು ಕಲ್ಪಿಸಿದವರಿಗೇ ನ್ಯಾಯ ಇಷ್ಟು ತಡವಾಗಿ ದೊರೆತದ್ದು ವಿಷಾದದ ಸಂಗತಿ.

ಮನಸ್ಸನ್ನು ಗೆದ್ದವು

2004ರ 'ಸ್ಪೈಡರ್‌ಮ್ಯಾನ್ 2' ಚಿತ್ರದ ಒಂದು ಪ್ರಸಂಗವನ್ನು ಹೇಳಲೇಬೇಕು. ನಾಯಕ ಪೀಟರ್ ಬಡ ವಿದ್ಯಾರ್ಥಿ. ಬಾಡಿಗೆ ಕಟ್ಟಲು ಹಣವಿಲ್ಲ. ಮನೆಮನೆಗೆ ತಿಂಡಿ ಮುಟ್ಟಿಸುವ ಕೆಲಸವೂ ಕೈತಪ್ಪಿದೆ. ಹಿಡಿತ ತಪ್ಪಿ ಓಡುವ ರೈಲನ್ನು ಅವನು ತನ್ನ ದೇಹವನ್ನೇ ಒಡ್ಡಿ ನಿಲ್ಲಿಸಿ ಮೂರ್ಛೆ ಹೋಗುತ್ತಾನೆ. ಪ್ರಯಾಣಿಕರು ಅವನನ್ನು ತಲೆಯ ಮೇಲೆತ್ತಿ ಒಳಗೆ ತಂದು ಮಲಗಿಸುತ್ತಾರೆ. ಮುಖವಾಡ ಕಳಚಿದೆ. ತಮ್ಮನ್ನುಳಿಸಿದವನು ತಮ್ಮ ಮನೆಯ ಹುಡುಗನ ವಯಸ್ಸಿನವನೆಂದು ಕಂಡು ಅವರು ಬೆರಗಾಗುತ್ತಾರೆ. ಅವನ ಗುಟ್ಟನ್ನು ಕಾಯುವುದಾಗಿ ಮಾತು ಕೊಡುತ್ತಾರೆ. ಇಲ್ಲಿ ವೀರನು ಜನರನ್ನು ಕಾಯ್ದ. ಜನರು ವೀರನನ್ನು ಕಾಯ್ದರು. ನಮ್ಮ ಕಣ್ಣು ಒದ್ದೆಯಾದದ್ದನ್ನು ಮೊಮ್ಮಗ ನೋಡಿದ, ಏನೂ ಅನ್ನಲಿಲ್ಲ.

ಕ್ರಿಸ್ಟೋಫರ್ ನೋಲನ್ ನಿರ್ದೇಶಿಸಿದ 2008ರ 'ದಿ ಡಾರ್ಕ್ ನೈಟ್' ಕರಾಳವಾದ ಚಿತ್ರ. ಎಳೆಯ ಮಕ್ಕಳಿಗೆ ಸಲ್ಲದು. ಆದರೆ ಅದರಲ್ಲಿ ಎರಡು ಹಡಗುಗಳ ಪ್ರಸಂಗವಿದೆ. ಒಂದರಲ್ಲಿ ನಾಗರಿಕರು, ಇನ್ನೊಂದರಲ್ಲಿ ಕೈದಿಗಳು. ಎರಡರಲ್ಲೂ ಸಿಡಿಮದ್ದು ಇಟ್ಟು, ಒಂದರ ಗುಂಡಿಯನ್ನು ಇನ್ನೊಂದರವರ ಕೈಗೆ ಕೊಟ್ಟು, 'ನೀವು ಉಳಿಯಬೇಕಾದರೆ ಅವರನ್ನು ಕೊಲ್ಲಿರಿ' ಎನ್ನುತ್ತಾನೆ ದುಷ್ಟನಾದ ಜೋಕರ್. ನಾಗರಿಕರು ಮತದಾನ ಮಾಡಿ ಕೊಲ್ಲಲು ಒಪ್ಪುತ್ತಾರೆ, ಒತ್ತುವ ಧೈರ್ಯ ಮಾತ್ರ ಯಾರಿಗೂ ಇಲ್ಲ. ಅತ್ತ ಭೀಕರಾಕೃತಿಯ ಒಬ್ಬ ಕೈದಿ ಎದ್ದು ಬಂದು ಆ ಗುಂಡಿಯನ್ನು ಕಿಟಕಿಯಿಂದ ನೀರಿಗೆಸೆದು ತನ್ನ ಜಾಗದಲ್ಲಿ ಕುಳಿತುಕೊಳ್ಳುತ್ತಾನೆ. ಯಾವ ಬಲಭೀಮನೂ ಅಲ್ಲಿಲ್ಲ. ಮನುಷ್ಯನ ಒಳಗಿನ ಒಳಿತೇ ಅಲ್ಲಿ ಗೆದ್ದದ್ದು.

ವಿಜ್ಞಾನದ ಚಿತ್ರಗಳಲ್ಲಿ ನಮಗೆ ಅತ್ಯಂತ ಆಪ್ತವಾದದ್ದು 2015ರ 'ದಿ ಮಾರ್ಷಿಯನ್'. ಮಂಗಳ ಗ್ರಹದಲ್ಲಿ ಒಬ್ಬಂಟಿಯಾಗಿ ಉಳಿದ ಸಸ್ಯವಿಜ್ಞಾನಿಯೊಬ್ಬ ಮಲವನ್ನೇ ಗೊಬ್ಬರ ಮಾಡಿ, ಇಂಧನದಿಂದ ನೀರು ತೆಗೆದು, ಆಲೂಗಡ್ಡೆ ಬೆಳೆಯುತ್ತಾನೆ. ಒಕ್ಕಲುತನದ ಮನೆಗಳಲ್ಲಿ ಹುಟ್ಟಿದ ನಮ್ಮ ವಾಚಕರಿಗೆ ಆ ಮೊದಲ ಮೊಳಕೆ ಕಂಡಾಗಿನ ಸಂತೋಷವನ್ನು ವಿವರಿಸಿ ಹೇಳಬೇಕಾಗಿಲ್ಲ. ಕಲ್ಲುಗುಡ್ಡವನ್ನು ಒಡೆದು ಹೊಲ ಮಾಡಿದ 'ಬಂಗಾರದ ಮನುಷ್ಯ'ನಿಗೂ ಇವನಿಗೂ ಏನು ಭೇದ? ಅವನನ್ನು ಅಲ್ಲಿ ಒಂಟಿಯಾಗಿಸಿದ ಬಿರುಗಾಳಿ ಮಾತ್ರ ವಿಜ್ಞಾನಕ್ಕೆ ಒಪ್ಪುವುದಿಲ್ಲ. ಮಂಗಳದ ವಾಯುವಿನ ಒತ್ತಡ ಭೂಮಿಯದರ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಅಲ್ಲಿಯ ಗಾಳಿ ಮನುಷ್ಯನನ್ನು ಎತ್ತಿ ಒಗೆಯಲಾರದು. ಇದನ್ನು ನಮಗೆ ತಿಳಿಸಿದವನು ಮೊಮ್ಮಗನೇ.

2014ರ 'ಇಂಟರ್‌ಸ್ಟೆಲ್ಲರ್' ಬೆಳೆ ನಾಶವಾಗಿ ಧೂಳು ಕವಿದ ಭೂಮಿಯಿಂದ ಆರಂಭವಾಗುತ್ತದೆ. ಕಪ್ಪುರಂಧ್ರದ ಸಮೀಪದ ಗ್ರಹವೊಂದರಲ್ಲಿ ಒಂದು ಗಂಟೆ ಕಳೆದರೆ ಭೂಮಿಯಲ್ಲಿ 7 ವರ್ಷ ಉರುಳುತ್ತದೆ. ಕಾಲದ ಈ ನಿಧಾನಗತಿ ಐನ್‌ಸ್ಟೀನರ ಸಾಪೇಕ್ಷತಾ ಸಿದ್ಧಾಂತಕ್ಕೆ ಒಪ್ಪುವಂಥದೇ. ಚಿತ್ರಕ್ಕೆ ಸಲಹೆ ನೀಡಿದ ಕಿಪ್ ಥಾರ್ನ್ ಅವರು 2017ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಪಡೆದವರು. ಆದರೆ ನಮ್ಮನ್ನು ಕಲಕಿದ್ದು ಸಿದ್ಧಾಂತವಲ್ಲ. ಕೆಲವೇ ಗಂಟೆಗಳಲ್ಲಿ ಮರಳಿದ ತಂದೆ 23 ವರ್ಷಗಳ ಕಾಲ ಮಕ್ಕಳು ಕಳಿಸಿದ ಸಂದೇಶಗಳನ್ನು ಒಂದೇ ಸಮನೆ ನೋಡುತ್ತಾ ಅಳುವ ದೃಶ್ಯ ಅದು. ಮಕ್ಕಳನ್ನು ಪರದೇಶಕ್ಕೆ ಕಳಿಸಿ ಮೊಬೈಲಿನಲ್ಲಿ ಮೊಮ್ಮಕ್ಕಳ ಮುಖ ನೋಡುವ ಹಿರಿಯರು ನಮ್ಮ ಊರುಗಳಲ್ಲಿ ಎಷ್ಟಿಲ್ಲ!

ಭಾಷೆಯನ್ನೇ ಉಸಿರಾಗಿಸಿಕೊಂಡ ನಮಗೆ 2016ರ 'ಅರೈವಲ್' ಅಚ್ಚರಿಯನ್ನುಂಟುಮಾಡಿತು. ಅನ್ಯಲೋಕದವರು ಬಂದಾಗ ಸೈನ್ಯಗಳು ತೋಪು ಸಜ್ಜುಗೊಳಿಸಿದರೆ, ಒಬ್ಬ ಭಾಷಾವಿದುಷಿ ಹಲಗೆಯ ಮೇಲೆ ಅಕ್ಷರ ಬರೆದು ತೋರಿಸಿ ಅವರ ಭಾಷೆ ಕಲಿಯುತ್ತಾಳೆ. ಗುದ್ದಾಟವಿಲ್ಲದೆ, ಕೇಳಿಸಿಕೊಳ್ಳುವ ತಾಳ್ಮೆಯಿಂದಲೇ ಯುದ್ಧ ತಪ್ಪುತ್ತದೆ.

ಒಪ್ಪಲಾಗದವು

ಇನ್ನು ದೋಷಗಳು. ಮೊದಲನೆಯದು, ಲೆಕ್ಕವಿಲ್ಲದ ನಾಶ. 2013ರ 'ಮ್ಯಾನ್ ಆಫ್ ಸ್ಟೀಲ್' ಚಿತ್ರದಲ್ಲಿ ಇಬ್ಬರು ಬಲಶಾಲಿಗಳ ಕಾಳಗಕ್ಕೆ ಗಗನಚುಂಬಿ ಕಟ್ಟಡಗಳು ಇಸ್ಪೀಟಿನ ಮನೆಯಂತೆ ಕುಸಿಯುತ್ತವೆ. ಆ ಕಟ್ಟಡಗಳೊಳಗೆ ಇದ್ದವರಿಗಾಗಿ ಮರುಗಲು ಚಿತ್ರಕ್ಕೆ ಪುರುಸೊತ್ತಿಲ್ಲ. ಸತ್ತವರ ಹೆಸರು ಕೇಳದ ಗೆಲುವನ್ನು ಮಕ್ಕಳು ಗೆಲುವೆಂದು ಕಲಿಯಬಾರದು.

ಎರಡನೆಯದು, ಸಾವಿನ ಬೆಲೆಯನ್ನು ಇಳಿಸಿದ್ದು. 2017ರ 'ಲೋಗನ್' ಚಿತ್ರದಲ್ಲಿ ಮುದಿಯಾದ ವುಲ್ವರಿನ್ ಒಂದು ಮಗುವನ್ನು ಉಳಿಸಲು ಪ್ರಾಣ ಬಿಡುತ್ತಾನೆ. ಅದು ಗಂಭೀರವಾದ ಮುಕ್ತಾಯ. 2024ರಲ್ಲಿ ಬಂದ 'ಡೆಡ್‌ಪೂಲ್ ಅಂಡ್ ವುಲ್ವರಿನ್' ಆ ಸಮಾಧಿಯನ್ನು ಅಗೆದು, ಅಸ್ಥಿಗಳನ್ನೇ ಆಯುಧ ಮಾಡಿ, ಹಾಡಿನ ತಾಳಕ್ಕೆ ಕೊಲೆಗಳನ್ನು ತೋರಿಸುತ್ತದೆ. ಬೇರೆ ವಿಶ್ವದಿಂದ ಇನ್ನೊಬ್ಬ ವುಲ್ವರಿನ್‌ನನ್ನು ಕರೆತರುತ್ತದೆ. ಇದಕ್ಕೆ ನಮ್ಮ ದೇಶದಲ್ಲಿ ವಯಸ್ಕರ ಪ್ರಮಾಣಪತ್ರವಿತ್ತು. ಆದರೂ ಇದನ್ನು ನೋಡಿದ್ದೇವೆಂದು ಮೊಮ್ಮಗನ ಗೆಳೆಯರು ಹೇಳಿಕೊಂಡರಂತೆ. ನಾವು ಒಬ್ಬರೇ ಕುಳಿತು ಅರ್ಧ ನೋಡಿ ಎದ್ದೆವು. ಸತ್ತವರೆಲ್ಲರೂ ಮರಳಿ ಬರುವುದಾದರೆ ತ್ಯಾಗವೆಂಬ ಮಾತಿಗೆ ಅರ್ಥವೆಲ್ಲಿ ಉಳಿಯಿತು?

ಮೂರನೆಯದು, ಅತಿಯಾದ ವ್ಯಾಪಾರ. 2008ರ 'ಐರನ್ ಮ್ಯಾನ್'ನಿಂದ ಆರಂಭಿಸಿ ಮಾರ್ವೆಲ್ ಸಂಸ್ಥೆ ಹೆಣೆದ ಕಥಾಸರಪಳಿಯ 22ನೆಯ ಕೊಂಡಿ, 2019ರ 'ಅವೆಂಜರ್ಸ್: ಎಂಡ್‌ಗೇಮ್'. ಅದು ಜಗತ್ತಿನಾದ್ಯಂತ ಸುಮಾರು 280 ಕೋಟಿ ಡಾಲರ್ ಗಳಿಸಿತು. ಶಸ್ತ್ರ ಮಾರುವವನಾಗಿದ್ದ ಟೋನಿ ಸ್ಟಾರ್ಕ್ ಕೊನೆಗೆ ಎಲ್ಲರಿಗಾಗಿ ಪ್ರಾಣ ಕೊಡುವ ಆ ಮುಕ್ತಾಯ ಅರ್ಥಪೂರ್ಣವೇ. ಆದರೆ ಲಾಭದ ರುಚಿ ಕಂಡವರು ನಿಲ್ಲಿಸುವರೇ? ಸಿನಿಮಾಗಳ ಮೇಲೆ ಸಿನಿಮಾ, ಅದಕ್ಕೆ ಜೋಡಿಯಾಗಿ ಧಾರಾವಾಹಿಗಳು. ಒಂದನ್ನು ತಿಳಿಯಲು ಹತ್ತನ್ನು ನೋಡಿರಬೇಕು. ಪ್ರೇಕ್ಷಕರು ಬೇಸತ್ತರು. 2019ರ 'ಕ್ಯಾಪ್ಟನ್ ಮಾರ್ವೆಲ್' 110 ಕೋಟಿ ಡಾಲರ್ ಮೀರಿ ಗಳಿಸಿದರೆ, ಅದರ ಮುಂದುವರಿದ ಭಾಗವಾದ 2023ರ 'ದಿ ಮಾರ್ವೆಲ್ಸ್' ಗಳಿಸಿದ್ದು ಸುಮಾರು 20 ಕೋಟಿ ಮಾತ್ರ. ಹಿರಿಯ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಅವರು 2019ರಲ್ಲಿ ಇವು ಸಿನಿಮಾಗಳಲ್ಲ, ಮನರಂಜನೆಯ ಉದ್ಯಾನಗಳಿದ್ದಂತೆ ಎಂದಾಗ ದೊಡ್ಡ ವಾದವೇ ನಡೆಯಿತು. ನಮ್ಮ ದೃಷ್ಟಿಯಲ್ಲಿ ಅವರ ಮಾತು ಅರ್ಧ ಸತ್ಯ. ಜಾತ್ರೆಯಲ್ಲಿ ತೊಟ್ಟಿಲು ತಿರುಗುವುದೂ ಸಂತೋಷವೇ; ಜಾತ್ರೆಯೇ ವರ್ಷವಿಡೀ ನಡೆದರೆ ಮಾತ್ರ ಕಷ್ಟ.

ಖರ್ಚಿನ ಮಾತು ಬಂದಾಗ ಇನ್ನೊಂದು ನೆನಪಾಗುತ್ತದೆ. 2013ರ 'ಗ್ರಾವಿಟಿ' ಎಂಬ ಅಂತರಿಕ್ಷದ ಚಿತ್ರಕ್ಕೆ ತಗಲಿದ ವೆಚ್ಚ ಸುಮಾರು 10 ಕೋಟಿ ಡಾಲರ್. ಅಂದಿನ ದರದಲ್ಲಿ 600 ಕೋಟಿ ರೂಪಾಯಿಗೂ ಮಿಗಿಲು. ಬೆಂಗಳೂರಿನ ನಮ್ಮ ಇಸ್ರೋ ಸಂಸ್ಥೆಯು ಸುಮಾರು 450 ಕೋಟಿ ರೂಪಾಯಿಗಳಲ್ಲಿ ನಿಜವಾದ ನೌಕೆಯನ್ನೇ 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆಗೆ ಸೇರಿಸಿತು. ತೆರೆಯ ವೀರರನ್ನು ಮೆಚ್ಚುವ ಮಕ್ಕಳಿಗೆ ಈ ವೀರರ ಕಥೆಯನ್ನೂ ಹೇಳಬೇಡವೇ?

ಹಳ್ಳಿಯ ವೀರ, ಹೊಸ ಸೂಪರ್‌ಮ್ಯಾನ್

ನಮ್ಮ ನೆರೆಯ ಮಲಯಾಳಿಗಳು 2021ರಲ್ಲಿ ತೆಗೆದ 'ಮಿನ್ನಲ್ ಮುರಳಿ'ಯನ್ನು ನಾವು ಕನ್ನಡದಲ್ಲೇ ನೋಡಿದೆವು. ಹಳ್ಳಿಯ ದರ್ಜಿಯೊಬ್ಬನಿಗೆ ಸಿಡಿಲು ಬಡಿದು ಶಕ್ತಿ ಬರುತ್ತದೆ. ಅದೇ ಸಿಡಿಲು ಚಹದಂಗಡಿಯ ಆಳಿಗೂ ಬಡಿದಿದೆ. ಊರು ಅವನನ್ನು ಹುಚ್ಚನೆಂದು ಜೀವನವಿಡೀ ಹೀಯಾಳಿಸಿದೆ, ಅವನು ದುಷ್ಟನಾಗುತ್ತಾನೆ. ಶಕ್ತಿ ಇಬ್ಬರಿಗೂ ಒಂದೇ ಬಗೆಯದು. ಪ್ರೀತಿ ದೊರೆತದ್ದರಲ್ಲಿ ಭೇದ. ಕೋಟಿಗಟ್ಟಲೆ ಡಾಲರಿನ ಚಿತ್ರಗಳು ಹೇಳಲಾರದ ಮಾತಿದು.

2025ರಲ್ಲಿ ಜೇಮ್ಸ್ ಗನ್ ನಿರ್ದೇಶನದಲ್ಲಿ ಬಂದ ಹೊಸ 'ಸೂಪರ್‌ಮ್ಯಾನ್' ನಮಗೆ ಇನ್ನೊಂದು ಕಾರಣಕ್ಕೆ ಹಿಡಿಸಿತು. ಇವನು ಕಾಳಗದ ನಡುವೆ ಒಂದು ಅಳಿಲನ್ನೂ ಕಾಪಾಡುತ್ತಾನೆ. ಹೆತ್ತವರು ತನ್ನನ್ನು ಭೂಮಿಯನ್ನಾಳಲು ಕಳಿಸಿದ್ದರೆಂದು ತಿಳಿದಾಗ ಕುಗ್ಗಿಹೋಗುತ್ತಾನೆ. ಸಾಕಿದ ತಂದೆ ಒಬ್ಬ ಸಾಧಾರಣ ರೈತ. ನೀನು ಯಾರೆಂಬುದನ್ನು ನಿನ್ನ ಆಯ್ಕೆಗಳು, ನಿನ್ನ ಕೆಲಸಗಳು ಹೇಳುತ್ತವೆ ಎಂಬರ್ಥದ ಮಾತಿನಿಂದ ಮಗನನ್ನು ಸಂತೈಸುತ್ತಾನೆ. ಹುಟ್ಟಿಗಿಂತ ನಡೆ ದೊಡ್ಡದೆಂಬ ಈ ಮಾತು ನಮ್ಮ ಮನೆಗಳಿಗೆ ಹೊಸದಲ್ಲ. ಆದರೆ ನಮ್ಮ ಪ್ರವಚನದಲ್ಲಿ ಆಕಳಿಸುವ ಹುಡುಗ ಅಲ್ಲಿ ಕಣ್ಣರಳಿಸಿ ಕೇಳಿದ.

ಪಾಲಕರಲ್ಲಿ ವಿನಂತಿ

ಮಕ್ಕಳನ್ನು ಈ ಚಿತ್ರಗಳಿಂದ ಪೂರ್ತಿ ದೂರವಿಡುವುದು ಇಂದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಪ್ರಮಾಣಪತ್ರವನ್ನು ನೋಡಿ ಆರಿಸಿಕೊಡಿ. ವರ್ಷದಲ್ಲಿ ನಾಲ್ಕಾದರೂ ಚಿತ್ರಗಳನ್ನು ಮಕ್ಕಳ ಪಕ್ಕದಲ್ಲಿ ಕುಳಿತು ನೋಡಿ. ಮುಗಿದ ಮೇಲೆ ಕಥೆಯನ್ನು ಅವರಿಂದಲೇ ಹೇಳಿಸಿ, 'ಅವನು ಮಾಡಿದ್ದು ಸರಿಯೇ?' ಎಂದು ಕೇಳಿ. ಆ ಒಂದು ಪ್ರಶ್ನೆ ಮುಕ್ಕಾಲು ಗಂಟೆಯ ಉಪನ್ಯಾಸಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಅದೇ ಶಾಲೆಯವರು ನಮ್ಮನ್ನು ಮತ್ತೆ ಕರೆದಾಗ, ಹಿಂದಿನ ಸಲ ನೋಡದೆಯೇ ಮಾತನಾಡಿದ್ದೆವೆಂದು ಸಭೆಯ ಮುಂದೆ ಒಪ್ಪಿಕೊಂಡೆವು. ಈ ಸಲ ಚಪ್ಪಾಳೆ ಕಡಿಮೆಯಿತ್ತು, ಪ್ರಶ್ನೆಗಳು ಹೆಚ್ಚಿದ್ದವು. ಮನೆಗೆ ಬಂದ ಮೇಲೆ ಮೊಮ್ಮಗನನ್ನು ಕೂಡ್ರಿಸಿಕೊಂಡು 'ಬಂಗಾರದ ಮನುಷ್ಯ' ತೋರಿಸಿದೆವು. ಕೊನೆಯಲ್ಲಿ ರಾಜೀವ ಊರು ಬಿಟ್ಟು ನಡೆದುಹೋದಾಗ ನಮ್ಮ ಗುರುಗಳು ಕೇಳಿದ ಪ್ರಶ್ನೆಯನ್ನೇ ಅವನಿಗೆ ಕೇಳಿದೆವು. ಅವನಿನ್ನೂ ಉತ್ತರ ಹುಡುಕುತ್ತಿದ್ದಾನೆ. ಹುಡುಕಲಿ, ಅವಸರವಿಲ್ಲ.